ಒಂದು ದೇಶದ ಸಾಲದಿಂದ ಶುರು ಮಾಡಿ ಅದರ ನೀರಿನ ತನಕ ಹೋಗೋದು ಹೇಗೆ

ಹ್ಯೂಮನ್ ಜಿಯಾಗ್ರಫಿ (ಮಾನವ ಭೂಗೋಳ) ಓದೋರಿಗೆಲ್ಲ ಒಂದೇ ಥರದ ಪೇಚಾಟ ಇರತ್ತೆ. ಜಾಗತಿಕ ಸಾಲ ಅಂತ ಒಂದು ಚಾಪ್ಟರ್, ವ್ಯಾಪಾರ ಅಂತ ಇನ್ನೊಂದು, ನೀರು-ಪರಿಸರ ಅಂತ ಕೊನೇಲೆಲ್ಲೋ ಮತ್ತೊಂದು, ಮೂರಕ್ಕೂ ಬೇರೆ ಬೇರೆ ನೋಟ್ಸ್ ಮಾಡ್ಕೊಂಡು ಬಾಯಿಪಾಠ ಹೊಡೀತೀವಿ, ಆಮೇಲೆ "ಇವುಗಳ ನಡುವಿನ ಸಂಬಂಧ ವಿವರಿಸಿ" ಅಂತ ಪ್ರಶ್ನೆ ಬಂದ್ರೆ ಮೂರೂ ನೋಟ್ಸನ್ನ ಒಂದರ ಕೆಳಗೆ ಒಂದು ಅಂಟಿಸಿ ಬರ್ತೀವಿ. ನಾನೂ ಹಾಗೇ ಅಂಟಿಸಿ ಮಾರ್ಕ್ಸ್ ಕಳ್ಕೊಂಡೋನೇ. ಆಮೇಲೆ ತಲೆಗೆ ಹೋಗಿದ್ದು ಏನಂದ್ರೆ ಇದು ತುಂಬಾ ಸಿಂಪಲ್: ಬಡ ದೇಶದ ಹೊರಸಾಲ ಸಾಮಾನ್ಯವಾಗಿ ಡಾಲರ್‌ನಲ್ಲಿ ಇರತ್ತೆ, ಡಾಲರ್ ಬರ್ಬೇಕು ಅಂದ್ರೆ ಹೊರಗಡೆ ಏನಾದ್ರೂ ಮಾರ್ಬೇಕು, ಅವರ ಹತ್ರ ಮಾರೋಕೆ ಇರೋದು ಬೆಳೆ ಅಥವಾ ಅದಿರು ಅಥವಾ ಮರ, ಇವೆಲ್ಲಕ್ಕೂ ನೀರು ಬೇಕು, ನೆಲ ಬೇಕು. ಅಂದ್ರೆ ಡಾಲರ್ ಹಿಂದೇನೇ ನಡ್ಕೊಂಡು ಹೋದ್ರೆ ಯಾವುದೋ ಒಂದು ಬಾವಿ ಹತ್ರ ಹೋಗಿ ನಿಲ್ತೀವಿ. ಹೀಗೆ ನಡೆಯೋದು ಹೇಗೆ ಅಂತ ಹೇಳ್ತೀನಿ.

ಮೊದಲು ಒಂದೇ ಒಂದು ದೇಶ ಆರಿಸ್ಕೊಳ್ಳಿ. "ಆಫ್ರಿಕಾ", "ತೃತೀಯ ಜಗತ್ತು" ಅಂತೆಲ್ಲ ಹಿಡ್ಕೊಂಡ್ರೆ ಕೈಗೆ ಏನೂ ಸಿಗಲ್ಲ. ದೊಡ್ಡ ಹಾಳೆ ತಗೊಳ್ಳಿ, ಎಡಗಡೆ ಅಂಚಲ್ಲಿ ಮೇಲಿಂದ ಕೆಳಗೆ ವರ್ಷಗಳು, ಪಕ್ಕಕ್ಕೆ ಮೂರು ಕಾಲಂ, ಸಾಲ, ವ್ಯಾಪಾರ, ನೀರು-ನೆಲ. ಅಷ್ಟೇ. ಸಾಫ್ಟ್‌ವೇರ್ ಗೀಫ್ಟ್‌ವೇರ್ ಏನೂ ಬೇಡ, ಕೈಯಲ್ಲಿ ಬರೆದ್ರೆನೇ ಯಾವ ವರ್ಷದ ಪಕ್ಕ ಯಾವ ವರ್ಷ ಬಂತು ಅಂತ ಕಣ್ಣಿಗೆ ಹೊಡೆಯೋದು.

ಸಾಲದ ಕಾಲಂ ತುಂಬೋವಾಗ ಎಲ್ಲರೂ ಮಾಡೋ ತಪ್ಪು ಅಂದ್ರೆ ಜಿಡಿಪಿಗೆ ಸಾಲ ಎಷ್ಟು ಪರ್ಸೆಂಟ್ ಅಂತ ನೋಡಿ, ಜಾಸ್ತಿ ಇದ್ರೆ ಅಪಾಯ ಅಂತ ಬರೆದುಬಿಡೋದು. ಜಪಾನ್ ಸರ್ಕಾರದ ಸಾಲ ಅದರ ಜಿಡಿಪಿಯ 200 ಪರ್ಸೆಂಟ್‌ಗಿಂತ ಮೇಲಿದೆ, ಆದ್ರೂ ಯಾರೂ ಬಾಗಿಲು ಬಡೀತಿಲ್ಲ, ಯಾಕಂದ್ರೆ ಆ ಸಾಲ ಇರೋದು ಯೆನ್‌ನಲ್ಲಿ, ಕೊಟ್ಟಿರೋರೂ ಹೆಚ್ಚಾಗಿ ಅಲ್ಲಿನವರೇ. ಅದಕ್ಕಿಂತ ಎಷ್ಟೋ ಕಡಿಮೆ ಅನುಪಾತ ಇದ್ದ ಜಾಂಬಿಯಾ 2020ರ ನವೆಂಬರ್‌ನಲ್ಲಿ ನಾಲ್ಕು ಕೋಟಿ ಚಿಲ್ಲರೆ ಡಾಲರ್ ಬಡ್ಡಿಯ ಕಂತು ಕಟ್ಟೋಕಾಗದೆ ಡಿಫಾಲ್ಟ್ ಆಯ್ತು. ಹಾಗಾಗಿ ಕೇಳಬೇಕಾದ ಪ್ರಶ್ನೆ ಮೂರು: ಸಾಲ ಯಾವ ದುಡ್ಡಲ್ಲಿದೆ, ಯಾರಿಗೆ ಕೊಡ್ಬೇಕು, ರಫ್ತಿಂದ ಬರೋ ಪ್ರತಿ 100 ಡಾಲರ್‌ನಲ್ಲಿ ಅಸಲು-ಬಡ್ಡಿಗೆ ಎಷ್ಟು ಹೋಗತ್ತೆ. ಈ ಮೂರನೇದೇ ಅಸಲಿ ನಂಬರ್, ಡೆಟ್ ಸರ್ವೀಸ್ ರೇಶಿಯೋ ಅಂತಾರಲ್ಲ ಅದು. ವರ್ಲ್ಡ್ ಬ್ಯಾಂಕ್‌ನ ಇಂಟರ್‌ನ್ಯಾಶನಲ್ ಡೆಟ್ ಸ್ಟ್ಯಾಟಿಸ್ಟಿಕ್ಸ್ ಅನ್ನೋದರಲ್ಲಿ ದೇಶವಾರು ಫ್ರೀಯಾಗೇ ಸಿಗತ್ತೆ, ಸಾಲ ಕೊಟ್ಟೋರು ಬೇರೆ ದೇಶದ ಸರ್ಕಾರನಾ, ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಥರದ ಸಂಸ್ಥೆನಾ, ಬಾಂಡ್, ಅಂದ್ರೆ ಸಾಲ ಪತ್ರ, ಕೊಂಡ ಖಾಸಗಿಯವರಾ ಅಂತಾನೂ ವಿಂಗಡಿಸಿ ಕೊಟ್ಟಿರ್ತಾರೆ.

ಕೊಟ್ಟೋರು ಯಾರು ಅನ್ನೋದು ಯಾಕೆ ಮುಖ್ಯ ಅಂದ್ರೆ, ಕಟ್ಟೋಕಾಗದೆ ಹೋದಾಗ ಯಾರ ಜೊತೆ ಕೂತು ಮಾತಾಡ್ಬೇಕು ಅನ್ನೋದು ಅದರ ಮೇಲೆ ನಿಂತಿರತ್ತೆ. 1956ರಲ್ಲಿ ಅರ್ಜೆಂಟೀನಾ ಸಾಲದ ಮಾತುಕತೆಯಿಂದ ಹುಟ್ಟಿದ ಪ್ಯಾರಿಸ್ ಕ್ಲಬ್ ಅನ್ನೋ ಕೂಟದಲ್ಲಿ ಸಾಲ ಕೊಟ್ಟ ಸರ್ಕಾರಗಳು ಒಟ್ಟಿಗೆ ಕೂರ್ತಿದ್ವು. ಈಗ ಅಷ್ಟು ಸುಲಭ ಇಲ್ಲ, ಚೀನಾ ಅದರ ಪೂರ್ಣ ಸದಸ್ಯ ಅಲ್ಲ, ಬಾಂಡ್ ಹಿಡ್ಕೊಂಡಿರೋರು ನೂರಾರು ಜನ, ಒಬ್ಬರು ಒಪ್ಪಿದ್ರೆ ಇನ್ನೊಬ್ಬರು ಒಪ್ಪಲ್ಲ. 2020ರಲ್ಲಿ ಜಿ20 ಕಾಮನ್ ಫ್ರೇಮ್‌ವರ್ಕ್ ಅಂತ ಒಂದನ್ನ ಮಾಡಿದ್ದು ಇದಕ್ಕೇ, ಜಾಂಬಿಯಾಕ್ಕೆ ಅದರಲ್ಲಿ ಇತ್ಯರ್ಥ ಆಗೋಷ್ಟರಲ್ಲಿ ವರ್ಷಗಳೇ ಹಿಡೀತು.

ಈಗ ಹಾಳೆಯ ಎಡಗಡೆ ಅಂಚು. ಯಾವ ದೇಶ ತಗೊಂಡ್ರೂ ಕೆಲವು ವರ್ಷಗಳನ್ನ ಕಣ್ಮುಚ್ಚಿ ಬರೆದಿಡಬಹುದು, ಯಾಕಂದ್ರೆ ಅವು ಎಲ್ಲರ ಮೇಲೂ ಬಿದ್ದಿರೋ ಏಟು. 1973, ತೈಲದ ಬೆಲೆ ಒಂದೇ ಸಲ ಏರಿ, ತೈಲ ಮಾರಿದ ದೇಶಗಳ ಡಾಲರೆಲ್ಲ ಪಶ್ಚಿಮದ ಬ್ಯಾಂಕುಗಳಿಗೆ ಹೋಗಿ ಬಿತ್ತು, ಬ್ಯಾಂಕಲ್ಲಿ ದುಡ್ಡು ಸುಮ್ನೆ ಕೂತಿದ್ರೆ ನಷ್ಟ ಅಲ್ವಾ, ಅದಕ್ಕೆ ಲ್ಯಾಟಿನ್ ಅಮೆರಿಕ, ಆಫ್ರಿಕಾ ಕಡೆ ಕರೆದು ಕರೆದು ಸಾಲ ಕೊಟ್ರು, ಬಡ್ಡಿ ಕಡಿಮೆ ಆದ್ರೆ ಫ್ಲೋಟಿಂಗ್, ಅಂದ್ರೆ ಏರಿಳಿಯೋ ಬಡ್ಡಿ. ಎಡವಟ್ಟಾಗಿದ್ದು ಅಲ್ಲೇ. 1979ರಲ್ಲಿ ಪಾಲ್ ವೋಲ್ಕರ್ ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್‌ಗೆ ಮುಖ್ಯಸ್ಥರಾಗಿ ಬಂದು ಅಲ್ಲಿನ ಹಣದುಬ್ಬರ ಇಳಿಸೋಕೆ ಅಂತ ಬಡ್ಡಿ ಏರಿಸ್ತಾ ಹೋದ್ರು, 1981ರ ಹೊತ್ತಿಗೆ 20 ಪರ್ಸೆಂಟ್ ಹತ್ರ ಮುಟ್ತು. ಸಾಲ ತಗೊಂಡ ದೇಶ ಏನೂ ತಪ್ಪು ಮಾಡ್ದೆನೂ ಅದರ ಕಂತು ಏರಿಬಿಡ್ತು, ಅದೇ ಹೊತ್ತಿಗೆ ಶ್ರೀಮಂತ ದೇಶಗಳಲ್ಲಿ ಮಂದಗತಿ ಬಂದು ಇವರ ತಾಮ್ರ, ಸಕ್ಕರೆ, ಕಾಫಿಗೆ ಬೆಲೆ ಬಿತ್ತು. 1982ರ ಆಗಸ್ಟ್‌ನಲ್ಲಿ ಮೆಕ್ಸಿಕೋ ನಮ್ಮ ಕೈಲಾಗಲ್ಲ ಅಂತ ಕೈ ಎತ್ತಿತು, ಅಲ್ಲಿಂದ ಲ್ಯಾಟಿನ್ ಅಮೆರಿಕದಲ್ಲಿ ಆ ದಶಕಕ್ಕೆ "ಕಳೆದುಹೋದ ದಶಕ" ಅಂತಾನೇ ಹೆಸರು. (ಸಾಲ ಮಾಡಿದವರಲ್ಲಿ ದುಡ್ಡು ತಿಂದ ಸರ್ವಾಧಿಕಾರಿಗಳು ಬೇಕಾದಷ್ಟು ಜನ ಇದ್ರು, ಅದನ್ನೂ ಬರೀರಿ, ಎಲ್ಲಾ ತಪ್ಪೂ ಹೊರಗಿನವರದ್ದೇ ಅಂತ ಬರೆದ್ರೆ ಉತ್ತರ ಅರ್ಧ ಆಗತ್ತೆ.)

ಅದಾದ್ಮೇಲೆ ಐಎಂಎಫ್, ವರ್ಲ್ಡ್ ಬ್ಯಾಂಕ್ ಕೊಟ್ಟ ಹೊಸ ಸಾಲಗಳಿಗೆ ಷರತ್ತುಗಳು ಬಂದ್ವು, ಸ್ಟ್ರಕ್ಚರಲ್ ಅಡ್ಜಸ್ಟ್‌ಮೆಂಟ್ ಅಂತ. ಕರೆನ್ಸಿ ಬೆಲೆ ಇಳಿಸಿ, ಸಬ್ಸಿಡಿ ಕತ್ತರಿಸಿ, ಸರ್ಕಾರಿ ಕಂಪನಿ ಮಾರಿ, ಸುಂಕ ಇಳಿಸಿ, ರಫ್ತು ಹೆಚ್ಚಿಸಿ. ಕೊನೇದನ್ನ ಅಂಡರ್‌ಲೈನ್ ಮಾಡ್ಕೊಳ್ಳಿ, ಸಾಲದ ಕಾಲಂನಿಂದ ವ್ಯಾಪಾರದ ಕಾಲಂಗೆ ಬಾಣದ ಗುರುತು ಹಾಕೋದು ಇಲ್ಲೇ. ಆಮೇಲೆ 1996ರಲ್ಲಿ ಹೆಚ್ಚು ಸಾಲದ ಬಡ ದೇಶಗಳಿಗೆ ಅಂತ ಎಚ್‌ಐಪಿಸಿ ಅನ್ನೋ ಸಾಲ ಇಳಿಸೋ ಯೋಜನೆ, 2005ರಲ್ಲಿ ಜಿ8 ಸಭೆ ಆದ್ಮೇಲೆ ಇನ್ನೊಂದಷ್ಟು ಮನ್ನಾ, ಇವನ್ನ ಒಂದೊಂದು ಲೈನಲ್ಲಿ ಬರೆದು ಮುಂದೆ ಹೋಗಿ.

ವ್ಯಾಪಾರದ ಕಾಲಂನಲ್ಲಿ ಮೊದಲು ನೋಡೋದು ರಫ್ತಿನ ಮೊದಲ ಮೂರು ವಸ್ತು. ಅಬ್ಸರ್ವೇಟರಿ ಆಫ್ ಎಕನಾಮಿಕ್ ಕಾಂಪ್ಲೆಕ್ಸಿಟಿ ಅಂತ ಒಂದು ವೆಬ್‌ಸೈಟ್ ಇದೆ, ಅದರಲ್ಲಿ ದೇಶದ ಹೆಸರು ಹಾಕಿದ್ರೆ ಬಣ್ಣಬಣ್ಣದ ಚೌಕಗಳಲ್ಲಿ ತೋರ್ಸತ್ತೆ, ಜಾಂಬಿಯಾ ಹಾಕಿದ್ರೆ ತಾಮ್ರದ ಚೌಕ ಒಂದೇ ಮುಕ್ಕಾಲು ಹಾಳೆ ನುಂಗಿರತ್ತೆ. ಸರಕು ರಫ್ತಲ್ಲಿ 60 ಪರ್ಸೆಂಟ್‌ಗಿಂತ ಹೆಚ್ಚು ಕಚ್ಚಾ ಸರಕುಗಳಿಂದಾನೇ ಬರ್ತಿದ್ರೆ ಆ ದೇಶ ಅವುಗಳ ಮೇಲೇ ಅವಲಂಬಿತ ಅಂತ ಅಂಕ್ಟಾಡ್ ಅನ್ನೋ ವಿಶ್ವಸಂಸ್ಥೆಯ ಸಂಸ್ಥೆ ಲೆಕ್ಕ ಹಾಕತ್ತೆ. ಇಂಥ ಕಚ್ಚಾ ಸರಕಿನ ಬೆಲೆ, ಕಾರ್ಖಾನೆ ಸರಕಿನ ಬೆಲೆಗೆ ಹೋಲಿಸಿದ್ರೆ ಕಾಲ ಕಳೆದ ಹಾಗೆ ಕುಸೀತಾ ಹೋಗತ್ತೆ ಅಂತ 1950ರಲ್ಲಿ ರಾವುಲ್ ಪ್ರೆಬಿಶ್ ಮತ್ತೆ ಹ್ಯಾನ್ಸ್ ಸಿಂಗರ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು ಬೇರೆ ಬೇರೆಯಾಗಿ ಹೇಳಿದ್ರು. ಎಲ್ಲಾ ಕಾಲಕ್ಕೂ ಎಲ್ಲಾ ಸರಕಿಗೂ ಅದು ನಿಜ ಅಂತ ಎಲ್ರೂ ಒಪ್ಪಲ್ಲ, 2000ದ ದಶಕದಲ್ಲಿ ಚೀನಾ ಕೊಳ್ಳೋಕೆ ಶುರು ಮಾಡಿದಾಗ ಅದಿರಿನ ಬೆಲೆ ಗಗನಕ್ಕೇರಿತ್ತು, ಆದ್ರೆ ಬೆಲೆ ಹುಚ್ಚಾಪಟ್ಟೆ ಏರಿಳಿಯತ್ತೆ ಅನ್ನೋದರಲ್ಲಿ ಮಾತ್ರ ಯಾರಿಗೂ ಅನುಮಾನ ಇಲ್ಲ.

ಕಾಫಿ ನೋಡಿ. ಯಾವ ದೇಶ ಎಷ್ಟು ಮಾರ್ಬೇಕು ಅಂತ ಕೋಟಾ ಹಾಕ್ತಿದ್ದ ಅಂತರರಾಷ್ಟ್ರೀಯ ಒಪ್ಪಂದದ ಆ ಏರ್ಪಾಡು 1989ರಲ್ಲಿ ಮುರಿದು ಬಿತ್ತು, ಬೆಲೆ ಧೊಪ್ಪಂತ ಇಳೀತು, ಆಮೇಲೆ 1990ರ ದಶಕದಲ್ಲಿ ವಿಯೆಟ್ನಾಂ ನೋಡ್ತಾ ನೋಡ್ತಾ ಜಗತ್ತಿನ ಎರಡನೇ ದೊಡ್ಡ ಬೆಳೆಗಾರ ಆಗಿಬಿಡ್ತು, 2001ರ ಹೊತ್ತಿಗೆ ಬೆಲೆ ಮತ್ತೂ ಪಾತಾಳಕ್ಕೆ. ಎಲ್ಲಾ ಸಾಲಗಾರ ದೇಶಗಳಿಗೂ "ರಫ್ತು ಹೆಚ್ಚಿಸಿ" ಅಂತ ಒಂದೇ ಸಲ ಹೇಳಿದ್ರೆ ಏನಾಗತ್ತೆ ಅಂತ ಇದರಲ್ಲೇ ಗೊತ್ತಾಗತ್ತೆ: ಎಲ್ರೂ ಅದನ್ನೇ ಬೆಳೀತಾರೆ, ಬೆಲೆ ಬೀಳತ್ತೆ, ಅರ್ಧಕ್ಕೆ ಬಿದ್ರೆ ಅಷ್ಟೇ ಡಾಲರ್‌ಗೆ ಈಗ ಎರಡರಷ್ಟು ಮೂಟೆ ಮಾರ್ಬೇಕು, ಎರಡರಷ್ಟು ಮೂಟೆಗೆ ಎರಡರಷ್ಟು ನೆಲ ಬೇಕು. ಪರಿಸರದ ಕಾಲಂಗೆ ಬಾಣ ಹೋಗೋದು ಈ ಲೆಕ್ಕದಿಂದ, ನಾನು ಇಡೀ ವಿಷಯದಲ್ಲಿ ಒಂದೇ ಒಂದನ್ನ ನೆನಪಿಟ್ಕೊಳ್ಳಿ ಅನ್ನೋದಾದ್ರೆ ಇದನ್ನೇ ಹೇಳ್ತೀನಿ.

ಸುಂಕಾನೂ ನೋಡಿ. ಐವರಿ ಕೋಸ್ಟ್, ಘಾನಾ ಎರಡೇ ಸೇರಿ ಜಗತ್ತಿನ ಅರ್ಧಕ್ಕಿಂತ ಹೆಚ್ಚು ಕೋಕೋ ಬೆಳೀತಾವೆ, ಆದ್ರೆ ಶ್ರೀಮಂತ ದೇಶಗಳ ಸುಂಕದ ಪಟ್ಟಿ ನೋಡಿದ್ರೆ ಸಾಮಾನ್ಯವಾಗಿ ಬೀಜಕ್ಕೆ ಸುಂಕ ಕಡಿಮೆ ಅಥವಾ ಸೊನ್ನೆ, ಚಾಕೊಲೇಟ್ ಮಾಡಿ ತಂದ್ರೆ ಜಾಸ್ತಿ. ಅದೇ ಹೊತ್ತಲ್ಲಿ ಬಡವರ ಬಾಗಿಲು ಅಗಲ ತೆಗೆಸ್ತಾರೆ. ಹೈಟಿ 1995ರಲ್ಲಿ ಅಕ್ಕಿ ಆಮದು ಸುಂಕಾನ 3 ಪರ್ಸೆಂಟ್‌ಗೆ ಇಳಿಸಬೇಕಾಯ್ತು, ಅಮೆರಿಕದ ಸಬ್ಸಿಡಿ ಅಕ್ಕಿ ಬಂದು ಅಲ್ಲಿನ ರೈತ ನೆಲಕಚ್ಚಿದ, 2010ರಲ್ಲಿ ಸ್ವತಃ ಬಿಲ್ ಕ್ಲಿಂಟನ್ ಅಮೆರಿಕದ ಸೆನೆಟ್ ಸಮಿತಿ ಮುಂದೆ ಅದು ತಪ್ಪಾಯ್ತು ಅಂತ ಒಪ್ಕೊಂಡ್ರು. ಹದಿನೈದು ವರ್ಷ ಆದ್ಮೇಲೆ ಒಪ್ಕೊಂಡು ಏನು ಪ್ರಯೋಜನ ಅನ್ನೋದು ಬೇರೆ ಮಾತು.

ಇನ್ನು ನೀರು. ಇಲ್ಲಿ ಜನ ಬೀಳೋ ಗುಂಡಿ ಅಂದ್ರೆ ಲೀಟರ್ ಲೆಕ್ಕ. ಟೋನಿ ಅಲನ್ ಅನ್ನೋರು 1990ರ ದಶಕದಲ್ಲಿ ವರ್ಚುವಲ್ ವಾಟರ್ ಅಂತ ಒಂದು ಮಾತು ತಂದ್ರು, ಒಂದು ಟನ್ ಗೋಧಿ ಆಮದು ಮಾಡ್ಕೊಂಡ್ರೆ ಅದನ್ನ ಬೆಳೆಯೋಕೆ ಹೋದ ನೀರನ್ನೂ ಆಮದು ಮಾಡ್ಕೊಂಡ ಹಾಗೇ ಅಂತ. ಆಮೇಲೆ 2002ರಲ್ಲಿ ಆರ್ಯನ್ ಹುಕ್‌ಸ್ಟ್ರಾ ವಾಟರ್ ಫುಟ್‌ಪ್ರಿಂಟ್ ಅಂತ ಅದನ್ನ ಲೆಕ್ಕಕ್ಕಿಳಿಸಿದ್ರು: ಒಂದು ಕಪ್ ಕಾಫಿಗೆ ಸುಮಾರು 130 ಲೀಟರ್, ಒಂದು ಕಿಲೋ ದನದ ಮಾಂಸಕ್ಕೆ ಸುಮಾರು 15,400 ಲೀಟರ್. ಈ ನಂಬರ್ ಬರೆದು ಅಯ್ಯೋ ಅಂತ ಒಂದು ಉದ್ಗಾರ ಹಾಕಿದ್ರೆ ಮುಗೀತು ಅನ್ಕೋತಾರೆ. ಮುಗೀಲಿಲ್ಲ. ಆ ನೀರಲ್ಲಿ ಹಸಿರು ನೀರು ಬೇರೆ, ನೀಲಿ ನೀರು ಬೇರೆ. ಮಳೆ ಬಿದ್ದು ಮಣ್ಣಲ್ಲಿ ನಿಂತು ಗಿಡ ಹೀರಿದ್ದು ಹಸಿರು, ನದಿಯಿಂದಲೋ ಬೋರ್‌ವೆಲ್‌ನಿಂದಲೋ ಎತ್ತಿದ್ದು ನೀಲಿ. ಕಾಫಿಯ 130 ಲೀಟರ್‌ನಲ್ಲಿ ಬಹುಪಾಲು ಮಳೆ, ಆ ತೋಟ ಇಲ್ಲದೆ ಕಾಡಿದ್ರೂ ಆ ನೀರು ಖರ್ಚಾಗ್ತಿತ್ತು. ಪೆರುವಿನ ಇಕಾ ಕಣಿವೇಲಿ ಹಾಗಲ್ಲ, ಅಲ್ಲಿ ಮಳೆ ಅನ್ನೋದೇ ಇಲ್ಲದಷ್ಟು ಕಡಿಮೆ, ಯೂರೋಪು ಅಮೆರಿಕಕ್ಕೆ ಹೋಗೋ ಶತಾವರಿ (ಆಸ್ಪರಾಗಸ್) ತರಕಾರಿಗೆ ಬಹುಪಾಲು ನೀರು ನೆಲದೊಳಗಿಂದ ಎತ್ತಿದ್ದು, ಅಂತರ್ಜಲ ಇಳೀತಾ ಬಂದು ಸಣ್ಣ ರೈತರ ಬಾವಿಗಳು ಒಣಗಿದ್ವು. ಕಾಫಿದು ದೊಡ್ಡ ಅಂಕಿ, ಕಡಿಮೆ ಗಾಯ, ಶತಾವರಿದು ಸಣ್ಣ ಅಂಕಿ, ಆಳದ ಗಾಯ. ಆದ್ದರಿಂದ ಲೀಟರ್ ಬರೆದ ಕಡೆ ಪಕ್ಕದಲ್ಲೇ "ಯಾವ ನೀರು, ಯಾರ ಬಾವಿ" ಅಂತ ಬರೀದೆ ಮುಂದೆ ಹೋಗ್ಬೇಡಿ.

ತಲಾ ನೀರಿನ ಲೆಕ್ಕಾನೂ ಹೀಗೇ. ವರ್ಷಕ್ಕೆ ಒಬ್ಬರಿಗೆ 1,700 ಘನ ಮೀಟರ್‌ಗಿಂತ ಕಡಿಮೆ ಇದ್ರೆ ಒತ್ತಡ, 1,000ಕ್ಕಿಂತ ಕಡಿಮೆ ಇದ್ರೆ ಕೊರತೆ ಅನ್ನೋ ಫಾಲ್ಕನ್‌ಮಾರ್ಕ್ ಸೂಚ್ಯಂಕ ಎಲ್ಲಾ ಕಡೆ ಬರತ್ತೆ, ಬರೀರಿ, ಆದ್ರೆ ಅದು ಇಡೀ ದೇಶದ ಸರಾಸರಿ. ಕಾಂಗೋದಲ್ಲಿ ನದಿ ತುಂಬಿ ಹರಿಯತ್ತೆ, ನಲ್ಲೀಲಿ ನೀರಿಲ್ಲ, ಅದು ದುಡ್ಡಿನ ಬರ, ನೀರಿನ ಬರ ಅಲ್ಲ. ಆರ್ಥಿಕ ಕೊರತೆ, ಭೌತಿಕ ಕೊರತೆ ಅಂತ ಎರಡನ್ನೂ ಬೇರೆ ಮಾಡಿ ತೋರಿಸಿದ್ರೆ ಸಾಲದ ಕಾಲಂಗೆ ವಾಪಸ್ ಬಾಣ ಹಾಕೋಕೆ ದಾರಿ ಸಿಗತ್ತೆ, ಯಾಕಂದ್ರೆ ಪೈಪ್ ಹಾಕೋಕೆ ದುಡ್ಡಿಲ್ಲ ಅನ್ನೋದಕ್ಕೂ ಬಜೆಟ್‌ನಲ್ಲಿ ಬಡ್ಡಿಗೆ ಎಷ್ಟು ಹೋಗ್ತಿದೆ ಅನ್ನೋದಕ್ಕೂ ಸಂಬಂಧ ಇದೆ. ನೀರಿನ ಅಂಕಿಗೆ ವಿಶ್ವಸಂಸ್ಥೆಯ ಆಹಾರ-ಕೃಷಿ ಸಂಸ್ಥೆ ಎಫ್‌ಎಓದ ಅಕ್ವಾಸ್ಟ್ಯಾಟ್ ಅನ್ನೋ ದತ್ತಾಂಶ ನೋಡಿ, ಒಟ್ಟು ಎತ್ತೋ ನೀರಲ್ಲಿ ಕೃಷಿಗೆ ಎಷ್ಟು ಅಂತ ಮೊದಲು ಹುಡುಕಿ, ಜಗತ್ತಿನ ಸರಾಸರಿ 70 ಪರ್ಸೆಂಟ್ ಆಸುಪಾಸು.

ಒಂದು ದೇಶ ಹಿಡಿದು ಪೂರ್ತಿ ಮಾಡಿ ತೋರಿಸ್ತೀನಿ, ಬೊಲಿವಿಯಾ. ನೀರಿನ ಹೋರಾಟ ಅಂದ್ರೆ ಎಲ್ರೂ ಅಲ್ಲಿನ ಕೊಚಬಾಂಬಾ ಅನ್ನೋ ಊರಿಂದು, ಕೊಚಬಾಂಬಾ 2000 ಅಂತ ಬರೀತಾರೆ, ಕಂಪನಿ ಬಂತು, ರೇಟ್ ಏರಿಸ್ತು, ಜನ ಎದ್ರು, ಕಂಪನಿ ಓಡಿತು. ಆದ್ರೆ ಹಾಳೆ ಮೇಲೆ ಹದಿನೈದು ವರ್ಷ ಹಿಂದಕ್ಕೆ ಹೋಗಿ. 1985, ಸಾಲದ ಕಾಲಂನಲ್ಲಿ ದಿವಾಳಿ ಸ್ಥಿತಿ, ಹಣದುಬ್ಬರ ವರ್ಷಕ್ಕೆ ಸಾವಿರಗಟ್ಟಲೆ ಪರ್ಸೆಂಟ್, ಆಗಸ್ಟ್‌ನಲ್ಲಿ ಸರ್ಕಾರ ಕಠಿಣ ಆರ್ಥಿಕ ಕ್ರಮಗಳ ಆದೇಶ ತರತ್ತೆ. ಅದೇ ವರ್ಷ ಅಕ್ಟೋಬರ್‌ನಲ್ಲಿ ವ್ಯಾಪಾರದ ಕಾಲಂನಲ್ಲಿ, ಬೊಲಿವಿಯಾ ಹೊರಗೆ ಮಾರ್ತಿದ್ದ ತವರದ (ಟಿನ್) ಬೆಲೆ ಕಾಪಾಡ್ತಿದ್ದ ಅಂತರರಾಷ್ಟ್ರೀಯ ತವರ ಮಂಡಳಿ ಕೈಯಲ್ಲಿ ದುಡ್ಡಿಲ್ಲದೆ ಕುಸೀತು, ಲಂಡನ್ ಮೆಟಲ್ ಎಕ್ಸ್‌ಚೇಂಜ್ ತವರದ ವಹಿವಾಟನ್ನೇ ನಿಲ್ಲಿಸ್ತು, ಬೆಲೆ ಅರ್ಧಕ್ಕೆ ಬಂತು. ಬೊಲಿವಿಯಾದ ಸರ್ಕಾರಿ ಗಣಿ ಕಂಪನಿ 20,000ಕ್ಕೂ ಹೆಚ್ಚು ಕಾರ್ಮಿಕರನ್ನ ಮನೆಗೆ ಕಳಿಸ್ತು. ಅವರೆಲ್ಲ ಎಲ್ಲಿಗೆ ಹೋದ್ರು? ಕೆಲವರು ಕಾಡಂಚಿಗೆ ಹೋಗಿ ಕೋಕಾ ಬೆಳೆದ್ರು, ಎಷ್ಟೋ ಜನ ಎಲ್ ಆಲ್ಟೊ, ಕೊಚಬಾಂಬಾ ಥರದ ಊರುಗಳ ಹೊರವಲಯಕ್ಕೆ ಬಂದು ಗುಡಿಸಲು ಹಾಕಿದ್ರು. ಕೊಚಬಾಂಬಾದ ದಕ್ಷಿಣದ ಆ ಬಡಾವಣೆಗಳಿಗೆ ಪೈಪ್ ಇರಲಿಲ್ಲ, ಟ್ಯಾಂಕರ್ ನೀರು, ಇಲ್ಲ ತಾವೇ ಸಂಘ ಕಟ್ಕೊಂಡು ತೋಡಿದ ಬಾವಿ.

ಈಗ 1999. ಸರ್ಕಾರಿ ಕಂಪನಿಗಳನ್ನ ಖಾಸಗಿಗೆ ಕೊಡಿ ಅನ್ನೋ ಒತ್ತಡ ವರ್ಷಗಳಿಂದ ಇತ್ತು, ಊರಿನ ನೀರನ್ನ ಬೆಕ್ಟೆಲ್ ಅನ್ನೋ ಅಮೆರಿಕದ ಕಂಪನಿಯ ಪಾಲಿದ್ದ ಅಗುವಾಸ್ ದೆಲ್ ತುನಾರಿ ಅನ್ನೋ ಕೂಟಕ್ಕೆ 40 ವರ್ಷಕ್ಕೆ ಬರೆದುಕೊಟ್ರು, ಹಿಂದೇನೇ ಬಂದ ಕಾನೂನು ಜನ ತಾವೇ ತೋಡಿದ ಬಾವಿಗಳನ್ನೂ ಆ ಹಕ್ಕಿನ ಕೆಳಗೆ ತರೋ ಹಾಗಿತ್ತು. ಹೊಳೆ ನೀರಿಗೆ ದೊಣೆನಾಯಕನ ಅಪ್ಪಣೆ ಅಂತಾರಲ್ಲ, ಅಕ್ಷರಶಃ ಅದೇ. 2000ದ ಜನವರಿಯಲ್ಲಿ ಬಿಲ್ ಏರಿತು, ಏಪ್ರಿಲ್‌ಗೆ ಒಪ್ಪಂದ ರದ್ದು. ಕಂಪನಿ ಕೋಟಿಗಟ್ಟಲೆ ಡಾಲರ್ ಪರಿಹಾರ ಕೇಳಿ ಕೇಸ್ ಹಾಕಿ, 2006ರಲ್ಲಿ ಬರೀ ನೆಪಮಾತ್ರದ ಮೊತ್ತಕ್ಕೆ ಕೈ ಬಿಡ್ತು. ನೋಡಿ, ತವರದ ಬೆಲೆ ಲಂಡನ್‌ನಲ್ಲಿ ಬಿದ್ದಿದ್ದಕ್ಕೂ ಕೊಚಬಾಂಬಾದ ಬಾವಿಗೂ ನಡುವೆ ಇರೋ ಕೊಂಡಿ ವಲಸೆ. ಇದೇ ಹ್ಯೂಮನ್ ಜಿಯಾಗ್ರಫಿ, ಇದನ್ನ ಬಿಟ್ಟು ಬರೀ ಕಂಪನಿ ಬೈದ್ರೆ ಅದು ರಾಜಕೀಯ ಭಾಷಣ ಆಗತ್ತೆ. ಮತ್ತೆ ಕಂಪನಿ ಹೋದ್ಮೇಲೆ ನೀರು ಬಂತಾ ಅಂತಾನೂ ಬರೀಬೇಕು, ಸರ್ಕಾರಿ ಸಂಸ್ಥೆ ವಾಪಸ್ ಬಂದ್ಮೇಲೂ ದಕ್ಷಿಣದ ಬಡಾವಣೆಗಳು ವರ್ಷಗಟ್ಟಲೆ ಟ್ಯಾಂಕರ್ ಕಾದ್ವು.

ಹಾಳೆ ತುಂಬಿದ್ಮೇಲೆ ನಿಮ್ಮ ಬಾಣಗಳ ಮೇಲೆ ನೀವೇ ಅನುಮಾನ ಪಡಬೇಕು, ತುಂಬಾ ಜನ ಮಾಡದೆ ಬಿಡೋ ಕೆಲಸ ಇದು. ಸಾಲ ಇಲ್ಲದೆನೂ ನೀರು ಹಾಳಾಗಿರೋ ಉದಾಹರಣೆ ಎರಡು ಪಕ್ಕದಲ್ಲಿಟ್ಕೊಳ್ಳಿ. ಅರಲ್ ಸಮುದ್ರ: ಯಾವ ಐಎಂಎಫೂ ಇಲ್ಲ, ಸೋವಿಯತ್ ಯೋಜನೆ ಹತ್ತಿಗೆ ಅಂತ ಅಮು ದರಿಯಾ, ಸಿರ್ ದರಿಯಾ ನದಿಗಳನ್ನ 1960ರಿಂದ ತಿರುಗಿಸ್ತು, ಜಗತ್ತಿನ ನಾಲ್ಕನೇ ದೊಡ್ಡ ಸರೋವರವಾಗಿದ್ದದ್ದು ಈಗ ಹತ್ತರಲ್ಲಿ ಒಂದು ಪಾಲು ಉಳಿದಿದೆ. ಸೌದಿ ಅರೇಬಿಯಾ: ಸಾಲ ಅಲ್ಲ, ತೈಲದ ದುಡ್ಡು ಹೆಚ್ಚಾಗಿ ಮರುಭೂಮೀಲಿ ಗೋಧಿ ಬೆಳೆದು 1990ರ ಆಸುಪಾಸಲ್ಲಿ ರಫ್ತೂ ಮಾಡ್ತು, ಸಾವಿರಾರು ವರ್ಷ ಹಳೇ ಅಂತರ್ಜಲ ಖಾಲಿಯಾಗ್ತಾ ಬಂದಾಗ 2008ರಲ್ಲಿ ಸಾಕು ಅಂತ ತೀರ್ಮಾನಿಸಿ 2016ಕ್ಕೆ ನಿಲ್ಲಿಸ್ತು. ಸೋ, ಸಾಲ ಒಂದು ಒತ್ತಡ ಅಷ್ಟೇ, ಅದೊಂದೇ ಕಾರಣ ಅಂತ ಬರೆದ್ರೆ ಈ ಎರಡರಲ್ಲೇ ಸಿಕ್ಕಿಬೀಳ್ತೀರ. ಬೊಲಿವಿಯಾದಲ್ಲೇ ಪೋಪೋ ಸರೋವರ 2015ರ ಕೊನೆಗೆ ಒಣಗಿ ಹೋಯ್ತಲ್ಲ, ಅದಕ್ಕೆ ಬರಗಾಲ, ಎಲ್ ನಿನೋ, ನೀರಾವರಿಗೆ ತಿರುಗಿಸಿದ್ದು, ಗಣಿ ಎಲ್ಲಾನೂ ಕಾರಣ ಅಂತಾರೆ, ಯಾವುದಕ್ಕೆ ಎಷ್ಟು ಪಾಲು ಅಂತ ಜಗಳ ಇದೆ, ಆ ಜಗಳಾನೂ ಒಂದು ಲೈನಲ್ಲಿ ಬರೀರಿ.

ಪರಿಹಾರದ ಭಾಗ ಬರೆಯೋವಾಗ ಯೋಜನೆಗಳ ಹೆಸರು ಪಟ್ಟಿ ಮಾಡ್ಬೇಡಿ, ಒಂದನ್ನ ಹಿಡಿದು ಕೆಲಸ ಮಾಡ್ತಾ ನೋಡಿ. ಸಾಲಕ್ಕೆ ಬದಲಾಗಿ ಕಾಡು ಕಾಪಾಡೋ ಒಪ್ಪಂದ ಜಗತ್ತಲ್ಲಿ ಮೊದಲು ಆಗಿದ್ದೂ ಬೊಲಿವಿಯಾದಲ್ಲೇ, 1987ರಲ್ಲಿ. ಕನ್ಸರ್ವೇಶನ್ ಇಂಟರ್‌ನ್ಯಾಶನಲ್ ಅನ್ನೋ ಸಂಸ್ಥೆ 6,50,000 ಡಾಲರ್ ಮುಖಬೆಲೆಯ ಸಾಲ ಪತ್ರಾನ ಸುಮಾರು 1,00,000 ಡಾಲರ್‌ಗೆ ಕೊಂಡ್ಕೊಂಡು ಮನ್ನಾ ಮಾಡ್ತು, ಸರ್ಕಾರ ಬೆನಿ ಕಾಡಿನ ಸುತ್ತ ರಕ್ಷಣೆ ಕೊಡ್ತೀವಿ ಅಂತು. ಕೇಳೋಕೆ ಚೆನ್ನಾಗಿದೆ, ಆದ್ರೆ ದೇಶದ ಒಟ್ಟು ಸಾಲದ ಮುಂದೆ ಆ ಮೊತ್ತ ಸಮುದ್ರಕ್ಕೆ ಉಪ್ಪಿನ ಹರಳು, ಮೇಲಾಗಿ ಆ ಕಾಡಲ್ಲೇ ಬದುಕ್ತಿದ್ದ ಚಿಮಾನೆ ಜನರನ್ನ ಯಾರೂ ಸರಿಯಾಗಿ ಕೇಳಿರಲಿಲ್ಲ, 1990ರಲ್ಲಿ ಅವರೂ ಉಳಿದ ಮೂಲನಿವಾಸಿಗಳೂ ಸೇರಿ ತಮ್ಮ ನೆಲಕ್ಕಾಗಿ ತ್ರಿನಿದಾದ್ ಊರಿಂದ ಲಾ ಪಾಜ್ ತನಕ ನಡ್ಕೊಂಡೇ ಹೋದ್ರು. 2021ರಲ್ಲಿ ಬೆಲೀಜ್, 2023ರಲ್ಲಿ ಗಲಾಪಗೋಸ್‌ಗೋಸ್ಕರ ಎಕ್ವಡಾರ್ ಮಾಡಿದ ಒಪ್ಪಂದಗಳು ಮೊತ್ತದಲ್ಲಿ ಎಷ್ಟೋ ಪಟ್ಟು ದೊಡ್ಡವು. ಅವಕ್ಕೂ ಅದೇ ಎರಡು ಪ್ರಶ್ನೆ ಹಾಕಿ: ಒಟ್ಟು ಸಾಲದಲ್ಲಿ ಇದು ಎಷ್ಟು ಪಾಲು, ಅಲ್ಲಿ ಬದುಕೋರನ್ನ ಕೇಳಿದ್ರಾ.

ಕಸದ ವ್ಯಾಪಾರಾನೂ ಈ ಹಾಳೆಗೇ ಬರತ್ತೆ, ಅಪಾಯಕಾರಿ ತ್ಯಾಜ್ಯ ಸಾಗಿಸೋದಕ್ಕೆ 1989ರ ಬಾಸೆಲ್ ಒಪ್ಪಂದ, 2018ರಲ್ಲಿ ಚೀನಾ ಪ್ಲಾಸ್ಟಿಕ್ ಕಸ ಬೇಡ ಅಂದಾಗ ಅದು ಮಲೇಷ್ಯಾ ಕಡೆ ತಿರುಗಿದ್ದು, ಎರಡು ಸಾಲು ಸಾಕು.

ಉತ್ತರ ಬರೆಯೋಕೆ ಕೂತಾಗ ಕಾಲಂ ಪ್ರಕಾರ ಬರೀಬೇಡಿ, ವರ್ಷದ ಪ್ರಕಾರ ಬರೀರಿ, ಮೇಲಿಂದ ಕೆಳಗೆ, ಬಾಣ ಸಿಕ್ಕಿದ ಕಡೆ ಪಕ್ಕದ ಕಾಲಂಗೆ ಹಾರಿ. ನಕ್ಷೆ ಹಾಕೋದಾದ್ರೆ ದೇಶದ ಗಡಿಗಿಂತ ಮುಖ್ಯವಾಗಿ ಗಣಿ ಅಥವಾ ಬೆಳೆ ಇರೋ ಜಾಗ, ಬಂದರು, ನದಿ ಅಥವಾ ಅಂತರ್ಜಲದ ಜಾಗ, ಜನ ವಲಸೆ ಹೋದ ದಾರಿ, ಇಷ್ಟು ಹಾಕಿದ್ರೆ ಸಾಕು, ಬೊಲಿವಿಯಾಕ್ಕೆ ಸ್ವಂತ ಸಮುದ್ರ ಬಂದರೇ ಇಲ್ಲ, ಅದೇ ಒಂದು ಪಾಯಿಂಟ್ ಆಗತ್ತೆ. ಹಾಳೆಯ ಕೆಳಗೆ ಒಂದಿಷ್ಟು ಜಾಗ ಖಾಲಿ ಬಿಡಿ. ಬೊಲಿವಿಯಾದ ಹಾಳೇಲಿ ನಾನು ಆ ಜಾಗದಲ್ಲಿ ಉಯುನಿ ಅಂತ ಬರೆದಿಟ್ಟಿದ್ದೀನಿ, ಆ ದೊಡ್ಡ ಉಪ್ಪಿನ ಬಯಲಿನ ಕೆಳಗಿರೋ ಉಪ್ಪುನೀರಲ್ಲಿ ಬ್ಯಾಟರಿಗೆ ಬೇಕಾದ ಲಿಥಿಯಂ ಇದೆ, ವ್ಯಾಪಾರದ ಕಾಲಂನಲ್ಲಿ ಕೊಳ್ಳೋರ ಹೆಸರು ಬಂದಾಗಿದೆ, ನೀರಿನ ಕಾಲಂನಲ್ಲಿ ಪೆನ್ಸಿಲ್‌ನಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿದ್ದೀನಿ.